ಇದು ಯಾವ ಊರಿನ ಸೂರ್ಯ?

ಭೂಮಿಯ ದಕ್ಷಿಣ ತುದಿಯ ಈ ದೇಶದಲ್ಲಿ, ನ್ಯೂ ಲಿನ್ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರಿಗೆ ವಿನಯಪೂರ್ವಕವಾಗಿ ಇಮೇಲ್ ಬರೆದು ಅಪ್ಪಣೆ ಪಡೆಯಬೇಕು. ಹಾಗೆ ಪಡೆದ ಏಕೈಕ ಮೊಳೆಗೆ ನನ್ನ ಹೆಂಡತಿ ವರ್ಷವರ್ಷವೂ ಮೈಸೂರಿನಿಂದ ತರಿಸುವ ಪಂಚಾಂಗದ ಕ್ಯಾಲೆಂಡರ್ ತೂಗುಹಾಕುತ್ತಾಳೆ. ನಾನಾದರೋ ಪೆನ್‌ರೋಸ್‌ನ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಅಳತೆ ಕೂದಲೆಳೆಯಷ್ಟೂ ತಪ್ಪದಂತೆ ನೋಡಿಕೊಳ್ಳಲು ಸಂಬಳ ಪಡೆಯುವ ಎಂಜಿನಿಯರು. ಅಂಥ ಮಹಾಶಯನಾದ ನಾನು ಎಂಟು ವರ್ಷ ಆ ಕ್ಯಾಲೆಂಡರನ್ನೇ ನಂಬಿ ಅಪ್ಪನ ಶ್ರಾದ್ಧ ಮಾಡಿದೆ. ಒಮ್ಮೆಯಾದರೂ ಅನುಮಾನ ಬರಲಿಲ್ಲ. ಅನುಮಾನ ತಂದಿಟ್ಟವರು ಒಬ್ಬ ಯೆಹೂದಿ ಧರ್ಮಗುರುಗಳು.

ಅವರು ನಮ್ಮ ಬೀದಿಯಲ್ಲೇ ಇರುವ ನಿವೃತ್ತ ರಬೈ. ಪರಿಚಯವಾದ ದಿನ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ‘ಅಂದರೆ ನಮ್ಮ ಪುರೋಹಿತರ ಹಾಗೆ’ ಎಂದೆ. ‘ಅಲ್ಲ, ರಬೈ ಅಂದರೆ ಮೇಷ್ಟ್ರು, ಅಷ್ಟೇ’ ಎಂದು ಅವರು ತಿದ್ದಿದರು. ತಿದ್ದುವುದು ಅವರಿಗೆ ವೃತ್ತಿಯೂ ಹೌದು, ಚಟವೂ ಹೌದು. ಪ್ರಾರ್ಥನೆ, ಮದುವೆ, ಮಣ್ಣು ಇವುಗಳಿಂದ ಬಿಡುವಾದ ಮೇಲೆ ಅವರು ಈ ದೇಶಕ್ಕೆ ಬಂದು ನೆಲೆಸಿದ ಯೆಹೂದಿ ಕುಟುಂಬಗಳ ಚರಿತ್ರೆ ಬರೆಯಲು ಕೂತಿದ್ದಾರೆ. ಚರಿತ್ರೆಯೆಂದರೆ ರಾಜರು, ಯುದ್ಧಗಳು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ ನನಗೆ ಅವರ ಪ್ರಶ್ನೆಗಳೇ ಸೋಜಿಗ. ಟೋಪಿ ಅಂಗಡಿಯವನು ಬೋರ್ಡಿನಲ್ಲಿ ಹೆಸರು ಮೊಟಕು ಮಾಡಿಕೊಂಡದ್ದು ಯಾಕೆ? ಹಡಗಿನಲ್ಲಿ ಬಂದ ಅಜ್ಜಿ ಹಬ್ಬದ ರೊಟ್ಟಿಗೆ ಹಿಟ್ಟು ಎಲ್ಲಿಂದ ತಂದಳು? ಇಂಥ ಪ್ರಶ್ನೆಗಳನ್ನು ಹಿಡಿದು ಅವರು ಮುದುಕಿಯರ ಮನೆಮನೆ ಅಲೆಯುತ್ತಾರೆ. ಅವರು ಕಾರು ಓಡಿಸುವುದನ್ನು ಬಿಟ್ಟಿರುವುದರಿಂದ ಭಾನುವಾರಗಳಂದು ಸಾರಥ್ಯ ನನ್ನದು. ಭಗವದ್ಗೀತೆಯಲ್ಲಿ ಸಾರಥಿಯೇ ಉಪದೇಶ ಮಾಡುತ್ತಾನೆ. ನಮ್ಮ ಕಾರಿನಲ್ಲಿ ಮಾತ್ರ ಸಾರಥಿ ಕೇಳಿಸಿಕೊಳ್ಳುವವನು.

ಹಾಗೊಂದು ಭಾನುವಾರ ಮನೆಗೆ ಬಂದವರು ಕಾಫಿಯೂ ಬೇಡ, ತಿಂಡಿಯೂ ಬೇಡ, ನಮ್ಮ ಪಾತ್ರೆಯದು ಆಗದು ಎಂದು ಬಾಳೆಹಣ್ಣು ಸುಲಿಯುತ್ತ ಕೂತರು. ನನ್ನ ಹೆಂಡತಿಗೆ ಬೇಜಾರಾಗುವುದಿರಲಿ, ಅತೀವ ಗೌರವ ಉಂಟಾಯಿತು. “ನಮ್ಮಜ್ಜಿಗಿಂತ ಮಡಿ ಕಣ್ರೀ ಇವ್ರು” ಎಂದು ನನ್ನ ಕಿವಿಯಲ್ಲಿ ಉಸುರಿದಳು. ರಬೈ ಆಗಲೇ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ನಾನು ತಿಥಿ ಎಂದರೇನೆಂದು ವಿವರಿಸತೊಡಗಿದೆ. ಅರ್ಧ ವಾಕ್ಯಕ್ಕೇ ಅವರಿಗೆ ಅರ್ಥವಾಯಿತು. ಅವರದೂ ಚಂದ್ರನ ಲೆಕ್ಕ. ಸತ್ತವರ ನೆನಪಿಗೆ ವರ್ಷಕ್ಕೊಮ್ಮೆ ಅದೇ ತಿಥಿಗೆ ದೀಪ ಹಚ್ಚುತ್ತಾರೆ. ಅವರ ದಿನ ಸೂರ್ಯಾಸ್ತಕ್ಕೆ ಹುಟ್ಟುತ್ತದೆ, ಆದ್ದರಿಂದ ಸಾವು ಸೂರ್ಯ ಮುಳುಗುವ ಮೊದಲೋ ಆಮೇಲೋ ಎಂಬುದೇ ಮುಖ್ಯ. ಇಷ್ಟು ಹೇಳಿ, ಸೂರ್ಯೋದಯದ ಸಾಲಿನ ಮೇಲೆ ಬೆರಳಿಟ್ಟು, “ಇದು ಯಾವ ಊರಿನ ಸೂರ್ಯ?” ಎಂದು ಕೇಳಿದರು.

ಮೈಸೂರಿನದು. ಇಲ್ಲಿ ನಾವು ಮಧ್ಯಾಹ್ನದ ಊಟ ಮುಗಿಸಿ ತೂಕಡಿಸುವಾಗ ಅಲ್ಲಿ ಹಾಲಿನವನು ಬಂದಿರುತ್ತಾನೆ. ಅಲ್ಲಿನ ಸೂರ್ಯೋದಯಕ್ಕೆ ಇರುವ ತಿಥಿ, ಅದಕ್ಕೂ ಏಳು ಗಂಟೆ ಮೊದಲು ಇಲ್ಲಿ ಸೂರ್ಯ ಹುಟ್ಟುವಾಗ ಎಷ್ಟೋ ಸಲ ಶುರುವೇ ಆಗಿರುವುದಿಲ್ಲ, ಇಲ್ಲಿಗೆ ಅದು ಮರುದಿನದ್ದು. ಕಾಗದ ಪೆನ್ಸಿಲ್ ಹಿಡಿದು ಕೂತು ನೋಡಿದರೆ, ಎಂಟರಲ್ಲಿ ಮೂರು ವರ್ಷವಾದರೂ ನಾನು ಅಪ್ಪನಿಗೆ ಒಂದು ದಿನ ಮೊದಲೇ ಪಿಂಡ ಇಟ್ಟಿದ್ದೆ. ಹೆಂಡತಿಗೆ ಹೇಳಿದೆ. “ಅಷ್ಟೂ ವರ್ಷ ವಡೆ ಕರಿದಿದ್ದು ನಾನು. ಈಗ ತಪ್ಪು ದಿನ ಅಂತೀರಲ್ಲಾ!” ಎಂದು ಸೊಂಟಕ್ಕೆ ಕೈಯಿಟ್ಟಳು. ಇಲ್ಲೇ ಹುಟ್ಟಿದ ಮಗಳು, “ಇಟ್ಸ್ ಓಕೆ ಅಪ್ಪಾ, ಟೈಮ್ ಝೋನ್” ಎಂದು ಸಮಾಧಾನ ಹೇಳಿದಳು. ನಾನು ನಕ್ಕೆ. ರಬೈ ನಗಲಿಲ್ಲ. ಅವರ ಮುಖ ಸಣ್ಣದಾಗಿತ್ತು.

ಕಾರಣ ಮುಂದಿನ ವಾರ ತಿಳಿಯಿತು. ಹೆಂಡರ್ಸನ್‌ನಲ್ಲಿ ಮಿರಿಯಮ್ ಆಂಟಿ ಎಂಬ ತೊಂಬತ್ತರ ಸಮೀಪದ ಮುದುಕಿಯಿದ್ದಾರೆ. ಪುಸ್ತಕಕ್ಕೆ ಬೇಕಾದೀತೆಂದು ಅವರು ರಬೈಗೆ ಒಂದು ಬಿಸ್ಕತ್ ಡಬ್ಬಿಯ ತುಂಬ ಹಳೆಯ ಕಾಗದಗಳನ್ನು ಕೊಟ್ಟಿದ್ದರು. ಆಂಟಿಗೆ ಎಂಟು ವರ್ಷವಿದ್ದಾಗ ತಾಯಿ ತೀರಿಕೊಂಡರು. ಈ ದೇಶಕ್ಕೆ ಹೊಸದಾಗಿ ಬಂದಿದ್ದ ತಂದೆ ತಿಥಿ ಗೊತ್ತುಮಾಡಲು ತಿಳಿಯದೆ ಲಂಡನ್ನಿನಲ್ಲಿದ್ದ ಅಣ್ಣನಿಗೆ ಬರೆದರು. ಅಣ್ಣನ ಉತ್ತರ ಡಬ್ಬಿಯಲ್ಲಿತ್ತು: ಡಿಸೆಂಬರ್ ತಿಂಗಳು, ಸಂಜೆ ಆರೂವರೆ ಎಂದರೆ ಕತ್ತಲಾಗಿ ಎಷ್ಟೋ ಹೊತ್ತಾಗಿರುತ್ತದೆ, ಆದ್ದರಿಂದ ಮರುದಿನದ ತಿಥಿ ಹಿಡಿ. ಪಾಪ, ಅವರು ತಮ್ಮ ಕಿಟಕಿಯಾಚೆಯ ಕತ್ತಲೆ ನೋಡಿಕೊಂಡು ಬರೆದಿದ್ದರು. ಇಲ್ಲಿ ಡಿಸೆಂಬರ್ ಎಂದರೆ ಬೇಸಗೆ. ಆರೂವರೆಗೆ ಒಗೆದ ಬಟ್ಟೆ ಇನ್ನೂ ಬಿಸಿಲಲ್ಲಿ ಒಣಗುತ್ತಿರುತ್ತದೆ. ಆಂಟಿ ಜೀವಮಾನವಿಡೀ ಅಮ್ಮನ ದೀಪವನ್ನು ಒಂದು ದಿನ ತಡವಾಗಿ ಹಚ್ಚಿದ್ದರು. ಅದು ಬಿಟ್ಟರೆ ಅಮ್ಮನದೆನ್ನುವುದು ಅವರ ಬಳಿ ಏನೂ ಇರಲಿಲ್ಲ, ಒಂದು ಫೋಟೋ ಕೂಡ.

ರಬೈ ಈ ಕಾಗದ ಓದಿ ತಿಂಗಳಾಗಿತ್ತಂತೆ. ಅವರೊಳಗಿನ ಚರಿತ್ರಕಾರ ‘ಹೇಳಿಬಿಡು’ ಎನ್ನುತ್ತಿದ್ದ, ಮೇಷ್ಟ್ರು ‘ಈ ವಯಸ್ಸಿನಲ್ಲಿ ಯಾಕೆ?’ ಎನ್ನುತ್ತಿದ್ದರು. ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ತಿಥಿ ಅಚ್ಚಾಗಬೇಕು. ಸುಳ್ಳು ಬರೆಯುವಂತಿಲ್ಲ, ನಿಜ ಬರೆದರೆ ಆಂಟಿಯ ಕಣ್ಣಿಗೆ ಬೀಳದೆ ಇರುವುದಿಲ್ಲ. ನಾನು ನನ್ನ ಪ್ರಕರಣವನ್ನು ನೆನಪಿಸಿ, ಇದರಲ್ಲೇನು ಮಹಾ ಎಂದೆ. ‘ನಿನಗೆ ಅಪ್ಪನ ಮುಖ ನೆನಪಿದೆ’ ಎಂದರು ಅವರು. ನನಗೆ ನಾಚಿಕೆಯಾಯಿತು. ಕಾರನ್ನು ಆಂಟಿಯ ಮನೆಯ ಕಡೆ ತಿರುಗಿಸಿದೆ.

ಆಂಟಿಯ ಮುಂದೆ ಅವರು ಮೇಜಿನ ಮೇಲೆ ಕಾಗದವಿಟ್ಟು, ಸುತ್ತುಬಳಸದೆ, ಸಾಲು ಸಾಲಾಗಿ ಓದಿ ಹೇಳಿದರು. ಆಂಟಿ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಆ ಸಂಜೆ ಬಿಸಿಲಿತ್ತೇ ಎಂದು ತಮ್ಮನ್ನೇ ಕೇಳಿಕೊಳ್ಳುವವರಂತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅವರು ಆಡಿದ್ದನ್ನು ನನ್ನ ಮೈಸೂರು ಕನ್ನಡಕ್ಕೆ ತಂದರೆ ಹೀಗಾದೀತು:

“ಹೌದಪ್ಪಾ, ಬಿಸಿಲಿತ್ತು. ನಾನು ಹೊರಗೆ ಆಡ್ತಾ ಇದ್ದೆ. ಅಮ್ಮ ಕರೀತಾಳೆ ಅಂತ ಹೇಳಿಕಳ್ಸಿದ್ರು, ಇನ್ನೊಂದು ಆಟ ಅಂತ ಅಲ್ಲೇ ನಿಂತೆ. ಹೋಗೋಷ್ಟರಲ್ಲಿ ಮುಗಿದುಹೋಗಿತ್ತು. ಇದನ್ನ ಯಾರ ಹತ್ರಾನೂ ಹೇಳಿರ್ಲಿಲ್ಲ.”

ರಬೈ ಪೆನ್ನು ಮುಚ್ಚಿ ಜೇಬಿಗೆ ಸೇರಿಸಿದರು. ಆಂಟಿಯೇ ಅವರನ್ನು ಕೇಳಿದರು, ಹಾಗಾದರೆ ಈ ವರ್ಷ ಯಾವ ದಿನ, ಎಷ್ಟು ಗಂಟೆಗೆ? ಅವರು ಹೇಳಿದರು. ಆಂಟಿ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು, ಎರಡು ಸಲ ಓದಿ ಸರಿಯೇ ಎಂದು ಖಾತ್ರಿಪಡಿಸಿಕೊಂಡರು.

“ಈ ಸಲ ಕರೆದ ತಕ್ಷಣ ಹೋಗ್ತೀನಿ” ಎಂದರು.