ವೀಳ್ಯಕ್ಕೆ ಒಡ್ಡಿದ ಕೈ

ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಸಂಜೆ ಆರಕ್ಕೆ ನಾಟಕದ ತಾಲೀಮು ಎಂದರೆ ಆರಕ್ಕೆ ನಾನು ಶಾಲೆಯ ಜಗಲಿಯಲ್ಲಿರುತ್ತಿದ್ದೆ. ಹೊಳೆನರಸೀಪುರದಿಂದ ಸೈಕಲ್ಲಿನಲ್ಲಿ ಬರುವ ಹಾರ್ಮೋನಿಯಂ ಮೇಷ್ಟ್ರೂ ಇರುತ್ತಿದ್ದರು. ಉಳಿದವರು ಹಾಲು ಕರೆದು, ಕೈಕಾಲು ತೊಳೆದು ಬರುವಾಗ ಏಳು ದಾಟುತ್ತಿತ್ತು. ಅಲ್ಲಿಯವರೆಗೆ ಮೇಷ್ಟ್ರು ಬಾರದವರ ಮಾತು, ಹಾಡುಗಳನ್ನೆಲ್ಲ ನನ್ನಿಂದ ಹೇಳಿಸುತ್ತಿದ್ದರು. ನನ್ನದು ನಾಲ್ಕು ಮಾತಿನ ದೂತನ ಪಾತ್ರ. ಎರಡು ತಿಂಗಳಲ್ಲಿ ಇಡೀ ನಾಟಕ ಬಾಯಿಗೆ ಬಂತು.

ಆಟದ ದಿನ ಗೊತ್ತುಮಾಡಿ, ಹಾರ್ಮೋನಿಯಂ ಪೂಜಿಸಿ, ಪಾತ್ರಧಾರಿಗಳಿಗೆ ವೀಳ್ಯ ಕೊಡುವುದು ನಮ್ಮೂರ ಕ್ರಮ. ವೀಳ್ಯ ಹಿಡಿದವನು ಪಾತ್ರ ಬಿಟ್ಟರೆ ಆ ವರ್ಷ ನಾಟಕವೇ ಇಲ್ಲ. ರಾಣಿಯ ಪಾತ್ರದವನು ಅದಕ್ಕೆ ಮುಂಚೆಯೇ ತಪ್ಪಿಸಿಕೊಂಡ. ಅರಕಲಗೂಡಿನಲ್ಲಿ ಅವನಿಗೆ ಹೆಣ್ಣು ಗೊತ್ತಾಗಿತ್ತು. ಸೀರೆ ಉಡುವ ಅಳಿಯ ಬೇಡವೆಂದು ಮಾವ ಹೇಳಿದನಂತೆ.

ಮೇಷ್ಟ್ರು ರಾಣಿಯ ವೀಳ್ಯ ಎತ್ತಿ ನನ್ನತ್ತ ಚಾಚಿದರು. ಹಿರಿಯರು ಏನು ಕೊಟ್ಟರೂ ಎರಡೂ ಕೈ ಒಡ್ಡುವ ಅಭ್ಯಾಸ ನನಗೆ. ಒಡ್ಡಿಬಿಟ್ಟೆ.

ಆಟಕ್ಕೆ ಎರಡು ವಾರವಿದ್ದಾಗ ಹಾಸನದಿಂದ ಕಾಗದ ಬಂತು. ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿದೆ, ಸೋಮವಾರ ಹಾಜರಾಗಬೇಕು. ಆಟ ಅದರ ಮುಂದಿನ ಸೋಮವಾರ.

“ಎಂಟು ದಿವ್ಸ ತಾನೆ, ತಡ್ಕಳಪ್ಪಾ,” ಎಂದರು ಮೇಷ್ಟ್ರು.

“ಓಗ್ದಿದ್ರೆ ಸೀಟು ಓಯ್ತದೆ ಸಾ. ಇನ್ನೊಬ್ರಿಗೆ ನಾನೇ ಕಲಿಸ್ಕೊಡ್ತೀನಿ.”

“ಯಾರ್ಗೆ? ಏಳ್ ಗಂಟೆಗೆ ಬರೋರ್ಗಾ?”

ರಾಜನ ಪಾತ್ರದವನು ಕೂಗಿದ: “ರಾಣೆಮ್ಮಾರು ಆಸ್ನಕ್ಕೆ ಒಂಟವ್ರೆ, ಗಾಡಿ ಕಟ್ರಲಾ!”

ಎಲ್ಲರೂ ನಕ್ಕರು. ಎಂಟು ದಿನ ಅವಕಾಶ ಕೇಳಿ ಹಾಸನಕ್ಕೆ ಕಾಗದ ಬರೆದೆ. ಹಾಜರಾಗಬೇಕಿದ್ದ ಸೋಮವಾರ ಬೆಳಿಗ್ಗೆ ಅಮ್ಮನ ಸೀರೆ ಉಟ್ಟು ನಡುಮನೆಯಲ್ಲಿ ಹೆಜ್ಜೆ ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದೆ. ಹಾಸನದ ಬಸ್ಸಿನ ಹಾರ್ನ್ ಕೇಳಿಸಿತು. ಆ ವೇಷದಲ್ಲಿ ಬಾಗಿಲಿಗೆ ಹೋಗಿ ನೋಡುವಂತೆಯೂ ಇರಲಿಲ್ಲ.

ನಾಟಕ ಚೆನ್ನಾಗಿಯೇ ಆಯಿತು. ಸೀಟು ಮಾತ್ರ ಪಟ್ಟಿಯಲ್ಲಿ ನನ್ನ ನಂತರದವನಿಗೆ ಹೋಯಿತು. ಒಂದು ವರ್ಷ ಊರಲ್ಲೇ ಕುಳಿತೆ. ದಾರಿಯಲ್ಲಿ ಸಿಕ್ಕವರೆಲ್ಲ “ಏನ್ ರಾಣೆಮ್ಮಾ” ಎನ್ನುತ್ತಿದ್ದರು.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದ್ದೆ. ವೀಳ್ಯ ಕೊಡುವ ಸಂಜೆ ಬೇಕೆಂದೇ ಏಳೂವರೆಗೆ ಹೋದೆ. ತಟ್ಟೆಯಲ್ಲಿ ಒಂದು ವೀಳ್ಯ ಉಳಿದಿತ್ತು.

“ಇದ್ಯಾಕಪ್ಪಾ ತಡ? ನಿಂಗೇಂತ್ಲೇ ಮಡಗಿವ್ನಿ,” ಎಂದು ಮೇಷ್ಟ್ರು ಅದನ್ನು ಎತ್ತಿ ಚಾಚಿದರು.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.