ಕಡಜ ಕಚ್ಚಿದ ಮುಖದ ಕಾರ್ಡು

ಅವ್ವನ ಆಧಾರ್ ಕಾರ್ಡಿನ ಫೋಟೋ ನಮ್ಮ ಮನೆಯಲ್ಲಿ ನಗುವುದಕ್ಕೆಂದೇ ಇತ್ತು. ಶೆಟ್ಟಿಕೆರೆಯ ಶಾಲೆಯಲ್ಲಿ ಫೋಟೋ ತೆಗೆದ ದಿನ ಅವ್ವನಿಗೆ ತೋಟದಲ್ಲಿ ಕಡಜ ಕಚ್ಚಿತ್ತು. ಒಣಗಿದ ತೆಂಗಿನ ಗರಿ ಎಳೆಯಲು ಹೋಗಿ ಗೂಡನ್ನೇ ಮೈಮೇಲೆ ಕೆಡವಿಕೊಂಡಿದ್ದಳು. ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಮಾರನೆಯ ದಿನ ಆಧಾರಿನ ಮೆಷಿನ್ನು ಬೇರೆ ಊರಿಗೆ ಹೋಗುತ್ತದೆ ಎಂದರು. ಹಾಗೇ ಕೂತಳು.

ಕಾರ್ಡು ಬಂದಾಗ ನಾನು ಚಿಕ್ಕವನು. "ಅವ್ವಾ, ಇದು ನೀನಲ್ಲ, ಉಂಡೆ ಕೊಬ್ಬರಿ" ಎಂದೆ. ಅವ್ವ ಕೆನ್ನೆ ಉಬ್ಬಿಸಿ, ಎಡಗಣ್ಣು ಮುಚ್ಚಿ ಅದೇ ಮುಖ ಮಾಡಿ ತೋರಿಸಿದಳು. ಆಮೇಲೆ ನೆಂಟರು ಬಂದಾಗಲೆಲ್ಲ ಕಾರ್ಡು ಹೊರಗೆ ಬರುತ್ತಿತ್ತು. ಫೋಟೋ ಬದಲಾಯಿಸಬೇಕು ಎಂದು ಯಾರಿಗೂ ಅನಿಸಲಿಲ್ಲ.

ಹೋದ ವರ್ಷ ಅವ್ವನ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ರಕ್ತ ನಿಲ್ಲುತ್ತಿರಲಿಲ್ಲ. ಇನ್ನು ತಡ ಮಾಡಬಾರದು, ಸೋಮವಾರ ಆಪರೇಷನ್ ಎಂದರು ಡಾಕ್ಟರಮ್ಮ. ಸರ್ಕಾರದ ಯೋಜನೆಯಲ್ಲಿ ಆಗಬೇಕಾದರೆ ಅವತ್ತು ಬೆಳಗ್ಗೆ ಆಧಾರಿನ ಮೆಷಿನ್ನಿಗೆ ಹೆಬ್ಬೆಟ್ಟು ಒತ್ತಬೇಕು.

ನನಗೆ ಭಯ ಶುರುವಾಗಿದ್ದೇ ಅಲ್ಲಿ. ಅವ್ವ ಒಣಗಿದ ಕಾಯಿಯ ಚಿಪ್ಪು ಕೆತ್ತಿ ಕೊಬ್ಬರಿ ತೆಗೆಯುವವಳು. ಬೆರಳಿನ ಗೆರೆಗಳೆಲ್ಲ ಸವೆದಿವೆ, ಮೆಷಿನ್ನಿಗೆ ಗುರುತು ಸಿಗುವುದಿಲ್ಲ. ನಮ್ಮ ಕಡೆ ಈ ಕೆಲಸ ಮಾಡುವ ಹೆಂಗಸರು ಹೆಬ್ಬೆಟ್ಟು ಒತ್ತುವ ಮುಂಚೆ ಕೆಲವು ದಿನ ಮಚ್ಚು ಮುಟ್ಟುವುದಿಲ್ಲ. ಆಗ ಗೆರೆಗಳು ಮತ್ತೆ ಮೂಡುತ್ತವೆ.

"ಸೋಮವಾರದ ಗಂಟ ಕೊಬ್ಬರಿ ಮುಟ್ಬ್ಯಾಡ" ಎಂದಿದ್ದೆ.

"ಆಯ್ತು ಬುಡ್ಲಾ" ಎಂದಿದ್ದಳು.

ಸೋಮವಾರ ಬಸ್ಸಿನಲ್ಲಿ ಅವಳ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಚಿಪ್ಪಿನ ಪುಡಿ. ಹೆಬ್ಬೆರಳಿನ ಮೇಲೆ ಹೊಸ ಗಾಯ.

"ಏನವ್ವಾ ಇದು? ತಲೆ ಕೆಟ್ಟಿತ್ತಾ ನಿಂಗೆ?"

"ಪಕ್ಕದ್ಮನೆ ಕೊಬ್ಬರಿ ಕಣ್ಲಾ, ಎರಡೇ ದಿನ." ಕಿಟಕಿ ಕಡೆ ತಿರುಗಿದಳು. "ಸುಮ್ಕೆ ಕೂತ್ರೆ ಹೆದ್ರಿಕೆ ಆಯ್ತದೆ."



ಆಸ್ಪತ್ರೆಯ ಕೌಂಟರಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಅವ್ವ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ. ಒರೆಸಿಕೊಂಡು ಮತ್ತೆ ಒತ್ತಿದಳು. ಕೆಂಪು. ಇನ್ನೊಂದು ಹೆಬ್ಬೆಟ್ಟು, ತೋರುಬೆರಳು, ಎಲ್ಲ ಕೆಂಪು. ಹುಡುಗಿ ಕಾರ್ಡು ನೋಡಿದಳು, ಅವ್ವನನ್ನು ನೋಡಿದಳು.

"ಇದು ನೀವೇನಾ?"

"ಅವ್ರೇ ಕಣ್ರೀ. ಕಡಜ ಕಚ್ಚಿತ್ತು" ಎಂದೆ.

"ಹಂಗಂತ ಬರ್ಕೊಳ್ಳಕ್ಕಾಯ್ತದಾ? ಬೇರೆಯವ್ರ ಕಾರ್ಡ್ ತರೋರೂ ಇದ್ದಾರೆ. ಸರಿ ಮಾಡಿಸ್ಕೊಂಡು ಮುಂದಿನ ವಾರ ಬನ್ನಿ."

ಮುಂದಿನ ವಾರ. ಅವ್ವನ ತುಟಿ ಆಗಲೇ ಬಿಳಚಿಕೊಂಡಿತ್ತು. ಅಲ್ಲಿಯವರೆಗೆ ಉಳಿಯುತ್ತಾಳಾ? ಜಗಳ ಆಡಲೆಂದು ಕೌಂಟರಿಗೆ ಇನ್ನಷ್ಟು ಹತ್ತಿರ ಹೋದೆ.

ಅಷ್ಟರಲ್ಲಿ ಅವ್ವ ಕೌಂಟರಿನ ಕಿಂಡಿಗೆ ಮುಖ ಕೊಟ್ಟು ಎಡಗೆನ್ನೆ ಉಬ್ಬಿಸಿದಳು. ಎಡಗಣ್ಣು ಮುಚ್ಚಿದಳು. ಸಾಲಿನಲ್ಲಿದ್ದವರು ನಕ್ಕರು. ಹುಡುಗಿಯೂ ಕಾರ್ಡನ್ನು ಅವ್ವನ ಮುಖದ ಪಕ್ಕ ಹಿಡಿದು ನಕ್ಕಳು. ನಾನು ಮಾತ್ರ ಅವ್ವನ ಕೈ ನೋಡುತ್ತಿದ್ದೆ. ಕಿಂಡಿಯ ಕಂಬಿಯನ್ನು ಅವಳು ಬಿಟ್ಟಿರಲೇ ಇಲ್ಲ.

"ಬನ್ನಿ ಅಮ್ಮಾ, ಉಳಿದ ಬೆರಳೂ ನೋಡಣ" ಎಂದಳು ಹುಡುಗಿ.

ಒಂದೊಂದಾಗಿ ಒತ್ತಿಸಿದಳು. ಕೆಂಪು, ಕೆಂಪು. ಕೊನೆಗೆ ಎಡಗೈಯ ಕಿರುಬೆರಳು. ಕಾಯಿ ಹಿಡಿಯುವಾಗ ಅವ್ವ ಅದೊಂದನ್ನು ಎತ್ತಿಯೇ ಇಟ್ಟಿರುತ್ತಾಳೆ. ಹಸಿರು ದೀಪ ಹತ್ತಿತು.

ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗ ಅವ್ವ ಕಾರ್ಡು ನನ್ನ ಕೈಗೆ ಕೊಟ್ಟಳು. "ಕಳ್ದುಬುಟ್ಟೀಯ ಕಣ್ಲಾ, ಜ್ವಾಪಾನ." ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕಾರ್ಡು ಹಿಡಿದು ಕೂತೆ. ಇವಳು ಬರದಿದ್ದರೆ ನನ್ನ ಹತ್ತಿರ ಉಳಿಯುವುದು ಈ ಫೋಟೋ ಒಂದೇ. ಅವ್ವ ಬೇರೆ ಫೋಟೋನೇ ತೆಗೆಸಿಕೊಂಡವಳಲ್ಲ. ಮಧ್ಯಾಹ್ನ ಡಾಕ್ಟರಮ್ಮ ಬಂದು "ಎಚ್ಚರ ಆಗಿದೆ, ಹೋಗಿ ನೋಡಿ" ಎನ್ನುವವರೆಗೆ ಅದನ್ನು ಬೋರಲು ಹಿಡಿದುಕೊಂಡೇ ಇದ್ದೆ.

ಅವ್ವ ಓಡಾಡುವ ಹಾಗಾದ ಮೇಲೆ ನಾನು ಮೊದಲು ಮಾಡಿದ ಕೆಲಸ ಅವಳ ಕಾರ್ಡಿನ ಫೋಟೋ ಬದಲಾಯಿಸಿದ್ದು. "ಅದೇ ಇರ್ಲಿ ಬುಡ್ಲಾ, ಚೆಂದಾಗೈತೆ" ಎಂದಳು. ನಾನು ಕೇಳಲಿಲ್ಲ. ಹೊಸ ಕಾರ್ಡು ನೋಡಿ ಯಾರೂ ನಗುವುದಿಲ್ಲ. ನಗದಿದ್ದರೆ ಬೇಡ.