ಅಪ್ಪ ತೊಳೆದುಬಿಟ್ಟ ಗೆರೆ

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಅಪ್ಪ ಮುಟ್ಟಿದ್ದೆಲ್ಲ ಸ್ವಚ್ಛವಾಗುತ್ತಿತ್ತು. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಬಳಸಿದ ಕತ್ತರಿ, ಚಾಕುಗಳನ್ನು ತೊಳೆದು ಕುದಿಸಿ ಇಡುವುದು ಅಪ್ಪನ ಕೆಲಸ. ಆ ಕೆಲಸ ಆಸ್ಪತ್ರೆಯಲ್ಲೇ ಉಳಿಯದೆ ಅವರ ಹಿಂದೆಯೇ ಮನೆಗೂ ಬರುತ್ತಿತ್ತು. ಅಪ್ಪ ಬಾಳೆಹಣ್ಣನ್ನೂ ತೊಳೆದೇ ಸುಲಿಯುತ್ತಿದ್ದರು. "ಸೋಪು ಕೈಗೆ ಸಿಕ್ಕಿದ್ರೆ ನಿಮ್ಮಪ್ಪ ಸೋಪನ್ನೂ ತೊಳೀತಾರೆ" ಎಂದು ಅಮ್ಮ ನಗುತ್ತಿದ್ದರು. ಈ ಕತೆಯಲ್ಲಿ ನಗುವಂಥದ್ದು ಇಷ್ಟೇ. ಮುಂದಿನದು ಬೇಡವೆನ್ನುವವರು ಈಗಲೇ ಎದ್ದು ಆಡಲು ಹೋಗಬಹುದು, ನನಗೇನೂ ಬೇಸರವಿಲ್ಲ.

ಆ ವರ್ಷ ಅಕ್ಕನ ಶಾಲೆ ಮುಗಿದಿತ್ತು. ಆಗ ಇಲ್ಲಿ ನಮ್ಮಂಥವರ ಮಕ್ಕಳು ಶಾಲೆಯ ನಂತರ ಓದುವಂಥ ಕಾಲೇಜು ಇರಲಿಲ್ಲ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಬಡಾವಣೆಯ ನಮ್ಮ ಕಟ್ಟಡದಿಂದ ಒಬ್ಬೊಬ್ಬರನ್ನೇ ಇಂಡಿಯಾಕ್ಕೆ, ಊರಿನ ಹಾಸ್ಟೆಲಿಗೆ ಕಳಿಸುತ್ತಿದ್ದರು. ಹೋದವರು ರಜೆಯಲ್ಲಿ ಬಂದು, ತಮ್ಮದೇ ಮನೆಯಲ್ಲಿ ನೆಂಟರ ಹಾಗೆ ಕುರ್ಚಿಯ ಅಂಚಿನಲ್ಲಿ ಕುಳಿತು, ಮತ್ತೆ ಹೊರಟುಹೋಗುತ್ತಿದ್ದರು. ಈಗ ಅಕ್ಕನ ಸರದಿ ಬಂದಿತ್ತು. ಅಮ್ಮ ನರ್ಸ್, ಹೆಚ್ಚಾಗಿ ರಾತ್ರಿ ಪಾಳಿ. ಹಾಗಾಗಿ ನನಗೆ ಅನ್ನ ಕಲಸಿ ಕೊಟ್ಟು, ಬೆನ್ನು ತಟ್ಟಿ ಮಲಗಿಸುತ್ತಿದ್ದವಳು ಅಕ್ಕನೇ. ಅವಳಿಲ್ಲದ ಮನೆ ಹೇಗಿರುತ್ತದೆ ಎಂದು ಯೋಚಿಸಲೂ ನನಗೆ ಬರುತ್ತಿರಲಿಲ್ಲ.

ವಿಮಾನ ದುಬೈಯಿಂದ, ಶುಕ್ರವಾರ ಸಂಜೆ. ಅಮ್ಮನ ಜೊತೆ ಕೆಲಸ ಮಾಡುವ ಆಂಟಿಯೊಬ್ಬರು ಅದೇ ವಿಮಾನದಲ್ಲಿ ಹೋಗುವವರಿದ್ದು, ನಿಲ್ದಾಣದ ಬಾಗಿಲಲ್ಲಿ ಅಕ್ಕನಿಗಾಗಿ ಕಾಯುತ್ತೇನೆ ಎಂದಿದ್ದರು. ಅಮ್ಮನಿಗೆ ರಜೆ ಸಿಗಲಿಲ್ಲ. ಅಪ್ಪ ಮಾತ್ರ ತಿಂಗಳಿಂದ ಒಂದೇ ಮಾತು ಹೇಳುತ್ತಿದ್ದರು, ಮಗಳನ್ನು ನಾನೇ ನಮ್ಮ ಕಾರಿನಲ್ಲಿ ಕರೆದೊಯ್ದು ಬಿಟ್ಟುಬರುತ್ತೇನೆ ಎಂದು.

ಆ ಕಾರು ಹಾಲು ಹಾಕದ ಸುಲೈಮಾನಿ ಚಹಾದ ಬಣ್ಣದ್ದು, ನನಗಿಂತ ಹಳೆಯದು. ಗುರುವಾರ ಸಂಜೆ ಅದರ ಹೊಟ್ಟೆಯಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಹಳೆಯ ಕಾರುಗಳಲ್ಲಿ ಇಂಜಿನ್ ಮುಂದೆ, ಅದು ತಿರುಗಿಸಬೇಕಾದ ಚಕ್ರ ಹಿಂದೆ. ನಡುವೆ ಉದ್ದನೆಯ ಕಬ್ಬಿಣದ ಕೊಳವೆಯೊಂದು ಗಿರಗಿರನೆ ತಿರುಗುತ್ತಿರುತ್ತದೆ, ಎರಡು ತುಂಡು ಜೋಡಿಸಿದ್ದು. ಜೋಡಣೆಯ ಹತ್ತಿರ ಅದು ಜೋತು ಬೀಳದಂತೆ ರಬ್ಬರಿನ ಬಳೆಯೊಳಗೆ ಒಂದು ಬೇರಿಂಗ್ ಇರುತ್ತದೆ, ಅದನ್ನು ಸೆಂಟರ್ ಬೇರಿಂಗ್ ಎನ್ನುತ್ತಾರೆ. ನಮ್ಮದರ ರಬ್ಬರು ಹರಿದು, ಬೇರಿಂಗ್ ಸವೆದಿತ್ತು. ಅಂಗಡಿ ಮುಚ್ಚುವ ಮೊದಲು ಅಪ್ಪ ಓಡಿಹೋಗಿ ಹೊಸದನ್ನು ತಂದರು. ಆದರೆ ಆಗ ಇಲ್ಲಿ ಶುಕ್ರವಾರವೇ ವಾರದ ರಜೆ, ಗ್ಯಾರೇಜುಗಳೆಲ್ಲ ಬಂದ್.

ಶುಕ್ರವಾರ ಬೆಳಿಗ್ಗೆ ಅಮ್ಮ ಅಕ್ಕನನ್ನು ಬಾಗಿಲಲ್ಲೇ ಅಪ್ಪಿಕೊಂಡು, ಹಿಂದಿರುಗಿ ನೋಡದೆ ಡ್ಯೂಟಿಗೆ ಹೋದರು. ಅಪ್ಪ ಕಟ್ಟಡದ ಹಿಂದಿನ ಮರಳಿನಲ್ಲಿ ರಟ್ಟು ಹಾಸಿ ಕಾರಿನಡಿ ಮಲಗಿದರು. ಮೇಲಿನ ಎ.ಸಿ.ಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸಮುದ್ರದ ಉಪ್ಪುಗಾಳಿ, ಪೆಟ್ರೋಲು, ಪಕ್ಕದ ಬಕಾಲಾ ಅಂಗಡಿಯ ಪುದೀನ, ಎಲ್ಲದರ ವಾಸನೆ ಬಿಸಿಯಾಗಿ ಒಟ್ಟಿಗೇ ಮೂಗಿಗೆ ಬರುತ್ತಿತ್ತು. ಕೊಳವೆ ಬಿಚ್ಚುವ ಮೊದಲು ಅಪ್ಪ ಜೋಡಣೆಯ ಮೇಲೆ ಎರಡೂ ತುಂಡುಗಳಿಗೆ ತಾಗುವಂತೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಮತ್ತೆ ಸೇರಿಸುವಾಗ ಗೆರೆಗೆ ಗೆರೆ ಕೂಡಬೇಕು, ಇಲ್ಲದಿದ್ದರೆ ವೇಗದಲ್ಲಿ ಕಾರು ನಡುಗುತ್ತದೆ ಎಂದು ಅವರೇ ನಮಗೆ ಹೇಳಿಕೊಟ್ಟರು.

ಕಷ್ಟದ ಕೆಲಸವೆಲ್ಲ ಚೆನ್ನಾಗಿಯೇ ಆಯಿತು. ಹಳೆಯ ಬೇರಿಂಗ್ ಬಡಿದು ಬಡಿದು ಹೊರಬಂತು, ಹೊಸದು ಕೂರಲು ಸಿದ್ಧವಾಯಿತು. ಅಷ್ಟರಲ್ಲಿ ಅಪ್ಪನ ಕಣ್ಣು ಕೊಳವೆಯ ಮೇಲೆ ಗಟ್ಟಿಯಾಗಿ ಕೂತಿದ್ದ ಗ್ರೀಸು ಮತ್ತು ಮರಳಿನ ಮೇಲೆ ಬಿತ್ತು. ಬಕೆಟ್, ಸೀಮೆಎಣ್ಣೆ, ಸೋಪಿನ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್ ಎಲ್ಲ ಬಂತು. ಆಸ್ಪತ್ರೆಯ ಕತ್ತರಿಯನ್ನು ತೊಳೆಯುವಂತೆ ಸಂದುಸಂದಿಗೂ ಬ್ರಷ್ ಹಾಕಿ ಉಜ್ಜಿದರು, ಒರೆಸಿದರು. ಕಬ್ಬಿಣ ಫಳಫಳ ಹೊಳೆಯಿತು. ಜೋಡಿಸಲು ಎತ್ತಿದವರು ಅದನ್ನು ಒಮ್ಮೆ ತಿರುಗಿಸಿದರು, ಇನ್ನೊಮ್ಮೆ ತಿರುಗಿಸಿದರು, ಬಿಸಿಲಿಗೆ ಹಿಡಿದು ನೋಡಿದರು. ಗೆರೆ ಇರಲಿಲ್ಲ. ಅಪ್ಪನ ಮುಖ ಅಷ್ಟು ಬಿಳುಚಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಅಪ್ಪ, ಟ್ಯಾಕ್ಸಿಯಲ್ಲಿ ಹೋಗುವನಾ?" ಎಂದಳು ಅಕ್ಕ, ಮೆಲ್ಲಗೆ.

"ನಾನು ಬಿಡ್ತೇನೆ ಹೇಳಿದ್ದಲ್ವಾ ಮಗಾ? ಬಿಡ್ತೇನೆ."

ಅಂದಾಜಿನ ಮೇಲೆ ಜೋಡಿಸಿದರು. ಅಬುಧಾಬಿಯೊಳಗೆ ಕಾರು ನಿಧಾನವಾಗಿ ಹೋಗುವಾಗ ಏನೂ ಗೊತ್ತಾಗಲಿಲ್ಲ, ಅಪ್ಪ ಸಿಳ್ಳೆ ಕೂಡ ಹಾಕಿದರು. ದುಬೈ ರಸ್ತೆಗೆ ಬಿದ್ದು ವೇಗ ಹೆಚ್ಚಿಸಿದ್ದೇ ತಡ, ಕಾರಿನ ನೆಲ ನನ್ನ ಅಂಗಾಲಿನಡಿ ನಡುಗತೊಡಗಿತು. ಆಮೇಲೆ ಸೀಟು, ಕನ್ನಡಿ, ನಮ್ಮ ಹಲ್ಲು ಎಲ್ಲ ನಡುಗಿದವು. ನಿಧಾನ ಮಾಡಿದರೆ ವಿಮಾನ ತಪ್ಪುತ್ತದೆ, ಜೋರು ಮಾಡಿದರೆ ಕಾರು ಕಳಚಿ ಬೀಳುತ್ತದೆ. ಅಪ್ಪ ಗಡಿಯಾರ ನೋಡುತ್ತಿದ್ದರು, ಅಕ್ಕ ಅಪ್ಪನನ್ನು ನೋಡುತ್ತಿದ್ದಳು. ದುಬೈಗೆ ಮೊದಲು ಸಿಗುವ ಜಬಲ್ ಅಲಿ ಇನ್ನೂ ದೂರವಿರುವಾಗ ಅಡಿಯಲ್ಲಿ ಏನೋ ಪಟ್ಟೆಂದು ಹರಿದು, ಕೊಳವೆ ಕಾರಿನ ನೆಲಕ್ಕೆ ದಡಬಡ ಬಡಿಯತೊಡಗಿತು. ಹೊಸ ಬೇರಿಂಗಿನ ರಬ್ಬರು ಒಂದು ದಿನವೂ ಬಾಳಲಿಲ್ಲ.

ಕಾರು ನಿಂತಾಗ ನನಗಾದ ಸಂತೋಷ ಹೇಳತೀರದು. ಇನ್ನು ಅಕ್ಕ ಹೋಗುವಂತಿಲ್ಲ, ಮನೆಗೆ ವಾಪಸ್ ಎಂದುಕೊಂಡೆ. ಸುತ್ತ ಬರೀ ಮರಳು, ಅದರ ಮೇಲೆ ಬಿಸಿಲು. ಅಪ್ಪ ಕಾರಿನಡಿ ನುಗ್ಗಿ, ಮೊಣಕೈವರೆಗೆ ಕಪ್ಪಾಗಿ ಹೊರಬಂದರು. ಆಗಲೇ ಒಂದು ಸ್ಟೇಷನ್ ವ್ಯಾಗನ್ ಬಂದು ನಮ್ಮ ಮುಂದೆ ನಿಂತಿತು. ಓಡಿಸುತ್ತಿದ್ದವರು ಭಟ್ಕಳದವರು, ದುಬೈಯ ದೇರಾದಲ್ಲಿ ಬಟ್ಟೆ ಅಂಗಡಿ ಇದ್ದವರು. ಹೆಂಡತಿ, ಮಕ್ಕಳಿಂದ ಗಾಡಿ ತುಂಬಿತ್ತು.

ಅಪ್ಪ ಹೇಳಿದ್ದನ್ನು ಕೇಳಿ ಆ ಮನುಷ್ಯ, "ನೀವಿಲ್ಲಿ ನಿಂತ್ರೆ ವಿಮಾನ ನಿಲ್ತದಾ ಮಾರಾಯ್ರೆ? ಹಿಂದೆ ಒಬ್ರಿಗೆ ಜಾಗ ಉಂಟು. ಹುಡುಗಿಯನ್ನು ಕಳ್ಸಿ. ಆ ಆಂಟಿಯ ಕೈಗೆ ಒಪ್ಪಿಸಿಯೇ ನಾನು ಮನೆಗೆ ಹೋಗುದು" ಎಂದರು. ಅವರ ಹೆಂಡತಿ ಆಗಲೇ ಮಗುವನ್ನು ಮಡಿಲಿಗೆ ಎಳೆದುಕೊಂಡು, "ಬಾ ಮಗಾ" ಎಂದು ಜಾಗ ಮಾಡಿದ್ದರು. ಒಳ್ಳೆಯ ಜನ. ಆದರೆ ಆ ಹೊತ್ತಿಗೆ ಅವರಷ್ಟು ಕೆಟ್ಟವರು ಪ್ರಪಂಚದಲ್ಲೇ ಇಲ್ಲವೆನಿಸಿತು ನನಗೆ.

ಅಪ್ಪ ಕುಡಿಯುವ ನೀರನ್ನೆಲ್ಲ ಕೈಗೆ ಸುರಿದುಕೊಂಡು, ಮರಳು ಹಾಕಿ ತಿಕ್ಕಿದರು. ಗ್ರೀಸು ಹರಡಿತೇ ಹೊರತು ಹೋಗಲಿಲ್ಲ. "ಯಲ್ಲಾ, ಬೇಗ, ಟೈಮಿಲ್ಲ" ಎಂಬ ಕೂಗು ಗಾಡಿಯಿಂದ ಬಂತು. ಅಮ್ಮ ಹೊಲಿದ ಕೆನೆಬಣ್ಣದ ಹೊಸ ಚೂಡಿದಾರದಲ್ಲೇ ಅಕ್ಕ ಆ ಬಿಸಿ ಮರಳಿಗೆ ಮಂಡಿಯೂರಿ ಅಪ್ಪನ ಕಾಲು ಮುಟ್ಟಿದಳು. ದೂರ ಹೊರಟ ಮಕ್ಕಳು ಹಾಗೆ ಬಾಗಿದಾಗ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಅಪ್ಪ ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು.

"ಬೇಡ ಮಗಾ, ಬೇಡ. ಕೈ ಕೊಳೆ ಆಗಿದೆ."

ಅಕ್ಕ ಸ್ವಲ್ಪ ಹೊತ್ತು ಹಾಗೇ ತಲೆ ತಗ್ಗಿಸಿಕೊಂಡು ಕಾದಳು. ಆಮೇಲೆ ಎದ್ದು, ನನ್ನ ಕೆನ್ನೆ ಸವರಿ, ಗಾಡಿ ಹತ್ತಿದಳು. ನಾನು ಚಪ್ಪಲಿ ಬಿದ್ದುಹೋಗುವವರೆಗೆ ಹಿಂದೆ ಓಡಿದೆ.

ಅವಳಿಗೆ ವಿಮಾನ ಸಿಕ್ಕಿತು. ಅವಳ ಮೊದಲ ರಜೆ ಬರುವ ಮುಂಚೆಯೇ ಅಪ್ಪ ಆಸ್ಪತ್ರೆಯಲ್ಲಿ, ಕೆಲಸದ ನಡುವೆಯೇ ಕುಸಿದು ತೀರಿಕೊಂಡರು. ಅಕ್ಕ ಅಪ್ಪನನ್ನು ಮತ್ತೆ ನೋಡಲಿಲ್ಲ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆ ಹೇಳಿದವರು ಆ ದಿನ ಆ ರಸ್ತೆಯ ಬದಿಯಲ್ಲಿ ನಿಂತಿರಲಿಲ್ಲ.

ನಿಮ್ಮ ಲೋಕ ಬೇರೆ. ದುಬೈಯ ಮಿರ್ದಿಫ್‌ನ ಈ ಮನೆಯಲ್ಲಿ ಕಾರು ಕೆಟ್ಟರೆ ನಿಮ್ಮಪ್ಪ ಫೋನನ್ನು ಒತ್ತುತ್ತಾನೆ, ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ. ಕಾಲೇಜುಗಳು ಇಲ್ಲೇ ಇವೆ, ನಿಮ್ಮನ್ನು ಯಾರೂ ಎಲ್ಲಿಗೂ ಕಳಿಸಬೇಕಾಗಿಲ್ಲ. ನನ್ನ ಅಕ್ಕ, ನಿಮ್ಮ ಆ ಮಂಗಳೂರಜ್ಜಿ, ವಾರಕ್ಕೊಮ್ಮೆ ನಿಮ್ಮ ಟ್ಯಾಬಿನೊಳಗೆ ಬರುತ್ತಾಳೆ. ಊಟ ಆಯ್ತಾ ಎಂದು ಅವಳು ಕೇಳಿದರೆ ನೀವು 'ಯೆಸ್ ಅಜ್ಜಿ' ಎಂದು ಟ್ಯಾಬನ್ನು ನನ್ನ ಕೈಗೆ ಕೊಟ್ಟು ಓಡುತ್ತೀರಿ. ನೀವು ಹೋದ ಮೇಲೆ ಅವಳು ಕೇಳುತ್ತಾಳೆ: "ಅಪ್ಪ ಅವತ್ತು ಎಂತಕ್ಕೆ ತಲೆ ಮುಟ್ಲಿಲ್ಲ?"

ಕೈ ಕೊಳೆಯಾಗಿತ್ತಲ್ಲ ಅಕ್ಕಾ ಎನ್ನುತ್ತೇನೆ.

"ಅದು ಗೊತ್ತುಂಟು" ಎನ್ನುತ್ತಾಳೆ. ಮುಂದಿನ ವಾರ ಮತ್ತೆ ಕೇಳುತ್ತಾಳೆ.